ನೆಗ್ರೋನಿಗೆ ಸಕ್ಕರೆ ಪಾಕ ಬೇಡ, ತಾಜಾ ವರ್ಮೂತ್ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ನೆಗ್ರೋನಿ ಎಂಬ ಕಾಕ್‌ಟೇಲ್ ಮಾಡುವ ಬಗೆಯನ್ನು ಪ್ರಕಟಿಸಿದ್ದೀರಿ. ಕಾಕ್‌ಟೇಲ್ ಬಗ್ಗೆ ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ, ಅಡುಗೆಯಷ್ಟೇ ಸಹಜವಾಗಿ ಬರೆಯುವವರು ಕಡಿಮೆ. ಹಾಗಾಗಿ ಆಸೆಯಿಂದಲೇ ಓದಿದೆವು. ಆದರೆ ಅದರಲ್ಲಿ ಕೊಟ್ಟ ನಾಲ್ಕು ಸೂಚನೆಗಳನ್ನು ತಿದ್ದಲೇಬೇಕು: ಡ್ರೈ ವರ್ಮೂತ್ (ಗಿಡಮೂಲಿಕೆ ಬೆರೆಸಿದ, ಸಿಹಿ ಕಡಿಮೆಯಿರುವ ವೈನ್) ಹಾಕಿ, ಶೇಕರ್‌ನಲ್ಲಿ ಚೆನ್ನಾಗಿ ಕುಲುಕಿ, ಕಹಿ ಎನಿಸಿದರೆ ಸಕ್ಕರೆ ಪಾಕ ಬೆರೆಸಿ, ಕೊನೆಗೆ ಮೇಲಿಂದ ಸೋಡಾ ಸುರಿಯಿರಿ ಎನ್ನುತ್ತದೆ ಲೇಖನ. ಹಾಗೆ ಮಾಡಿದವರು ಒಂದು ಗುಟುಕು ಕುಡಿದು 'ಇದು ನಮಗೆ ಹಿಡಿಸುವ ಪಾನೀಯ ಅಲ್ಲ' ಎಂದು ಲೋಟ ಪಕ್ಕಕ್ಕಿಟ್ಟರೆ ತಪ್ಪು ಅವರದಲ್ಲ. ಕುಡಿಯುವ ಅಭ್ಯಾಸವಿರುವ ವಯಸ್ಕರು ಒಳ್ಳೆಯ ಸಾಮಾನಿಗೆ ಹಣ ಹಾಕಿ, ಕೆಟ್ಟ ವಿಧಾನದಿಂದ ಅದನ್ನು ಹಾಳುಮಾಡಿಕೊಳ್ಳಬಾರದೆಂಬ ಕಾಳಜಿಯಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿಸದೆ ಪ್ರಕಟಿಸಿದರೆ ಉಪಕಾರ.

ನೆಗ್ರೋನಿಗೆ ಬೇಕಾದದ್ದು ಮೂರೇ ಸಾಮಾನು: ಜಿನ್, ಕಂಪಾರಿ ಎಂಬ ಕೆಂಪು ಬಣ್ಣದ ಕಹಿ ಮದ್ಯ, ಸ್ವೀಟ್ (ಸಿಹಿ) ವರ್ಮೂತ್. ಬಾರ್‌ಟೆಂಡರ್‌ಗಳ ಅಂತರರಾಷ್ಟ್ರೀಯ ಸಂಘ ಒಪ್ಪಿದ ಅಳತೆ ತಲಾ 30 ಮಿಲಿ. ಇಟಲಿಯ ಫ್ಲಾರೆನ್ಸ್‌ನಲ್ಲಿ 1919ರ ಸುಮಾರಿಗೆ ಕೌಂಟ್ ಕಮಿಲ್ಲೊ ನೆಗ್ರೋನಿ ಎಂಬಾತ ಕಫೆ ಕಸೋನಿಯಲ್ಲಿ ತನ್ನ ಅಮೆರಿಕಾನೊ ಇನ್ನಷ್ಟು ಗಡಸಾಗಿರಲಿ ಎಂದು ಕೇಳಿದ, ಬಾರ್‌ಟೆಂಡರ್ ಫೋಸ್ಕೊ ಸ್ಕಾರ್ಸೆಲ್ಲಿ ಸೋಡಾದ ಜಾಗಕ್ಕೆ ಜಿನ್ ಹಾಕಿಕೊಟ್ಟ ಎಂಬುದು ಪರಂಪರೆಯಿಂದ ಬಂದ ಕಥೆ. ಅಮೆರಿಕಾನೊ ಅಂದರೆ ಕಂಪಾರಿ, ಸ್ವೀಟ್ ವರ್ಮೂತ್ ಮತ್ತು ಸೋಡಾ. ಈ ಹಿನ್ನೆಲೆ ಗೊತ್ತಿದ್ದರೆ ಸೋಡಾ ಏಕೆ ಬೇಡ ಎಂಬುದೂ ತಿಳಿಯುತ್ತದೆ. ಸೋಡಾ ತೆಗೆದು ಜಿನ್ ಹಾಕಿದ್ದರಿಂದಲೇ ಈ ಪಾನೀಯ ಹುಟ್ಟಿತು. ಹಗುರವಾದದ್ದು ಬೇಕೆನಿಸಿದ ದಿನ ಜಿನ್ ಬಿಟ್ಟು ಅಮೆರಿಕಾನೊ ಮಾಡಿಕೊಳ್ಳಿ, ಅದೂ ಸೊಗಸಾಗಿರುತ್ತದೆ. ಜಿನ್, ಸೋಡಾ ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಿದರೆ ಮೂರರ ರುಚಿಯೂ ತೆಳುವಾಗಿ ಬರಿಯ ಕಹಿ ನೀರು ಉಳಿಯುತ್ತದೆ.

ಅಳತೆ ಇಷ್ಟು ಸುಲಭವಾಗಿರುವುದರಿಂದ ಕೆಡುವುದಕ್ಕೆ ಏನಿದೆ ಎಂದು ಅನೇಕರು ಭಾವಿಸುತ್ತಾರೆ. ಮನೆಯಲ್ಲಿ ನೆಗ್ರೋನಿ ಕೆಡುವ ಜಾಗ ಎರಡು. ಒಂದು, ತೆರೆದಿಟ್ಟು ಹಳಸಿದ ವರ್ಮೂತ್. ಇನ್ನೊಂದು, ಯಾರೂ ಸಾಮಾನಿನ ಪಟ್ಟಿಯಲ್ಲಿ ಬರೆಯದ ನೀರು, ಅಂದರೆ ಐಸ್ ಕರಗಿ ಲೋಟಕ್ಕೆ ಇಳಿಯುವ ನೀರು. ಯಾವ ಜಿನ್, ಎಷ್ಟು ದುಬಾರಿಯದು ಎಂಬ ಚರ್ಚೆಗೆ ಕೊಡುವ ಸಮಯದ ಅರ್ಧ ಭಾಗವನ್ನು ಈ ಎರಡಕ್ಕೆ ಕೊಟ್ಟರೂ ಸಾಕು.

ವರ್ಮೂತ್ ಜಿನ್‌ನಂಥ ಮದ್ಯ ಅಲ್ಲ. ಅದು ವೈನ್. ಯುರೋಪಿನ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ ಶೇ 75ರಷ್ಟು ವೈನೇ ಇರಬೇಕು. ಅದಕ್ಕೆ ಒಂದಿಷ್ಟು ಸ್ಪಿರಿಟ್, ಸಕ್ಕರೆ, ಆರ್ಟಿಮೀಸಿಯ ಜಾತಿಯ ಕಹಿ ಸೊಪ್ಪು ಮತ್ತು ಬೇರೆ ಬೇರೆ ಗಿಡಮೂಲಿಕೆಗಳ ಸಾರ ಸೇರಿಸಿರುತ್ತಾರೆ. ಅದರ ಮದ್ಯಾಂಶ ಶೇ 14.5ರಿಂದ 22ರ ಒಳಗೆ ಇರುತ್ತದೆ. ಸಾಮಾನ್ಯವಾಗಿ ಸಿಗುವ ಕೆಂಪು ವರ್ಮೂತ್‌ಗಳು ಶೇ 15-16ರ ಆಸುಪಾಸಿನವು. ಈ ಪ್ರಮಾಣ ವೈನನ್ನು ಗಾಳಿಯಿಂದ ಕೆಲವು ವಾರ ಕಾಪಾಡುತ್ತದೆಯೇ ಹೊರತು ವರ್ಷಗಟ್ಟಲೆ ಕಾಪಾಡುವುದಿಲ್ಲ. ಬಾಟಲಿ ತೆರೆದ ಕೂಡಲೇ ಆಮ್ಲಜನಕ ಕೆಲಸ ಶುರುಮಾಡುತ್ತದೆ. ಮೊದಲು ಗಿಡಮೂಲಿಕೆಯ ಪರಿಮಳ ಕುಗ್ಗುತ್ತದೆ, ಆಮೇಲೆ ಹಳೆಯ ಒಣದ್ರಾಕ್ಷಿಯ ವಾಸನೆ ಬರುತ್ತದೆ, ಕೊನೆಗೆ ಹುಳಿ ತಲೆಯೆತ್ತುತ್ತದೆ. ಜಿನ್, ವಿಸ್ಕಿ ಬಾಟಲಿಗಳ ಸಾಲಿನಲ್ಲಿ, ಕೋಣೆಯ ಬಿಸಿಯಲ್ಲಿ ಆರು ತಿಂಗಳು ನಿಂತ ವರ್ಮೂತ್‌ನಿಂದ ನೆಗ್ರೋನಿ ಮಾಡಿದರೆ ಕಂಪಾರಿಯ ಕಹಿಯನ್ನು ಹೊತ್ತು ನಿಲ್ಲಲು ಏನೂ ಇರುವುದಿಲ್ಲ. ಆಗ ಕುಡಿಯುವವರು 'ಕಂಪಾರಿ ಜಾಸ್ತಿಯಾಯಿತು' ಎನ್ನುತ್ತಾರೆ. ಜಾಸ್ತಿ ಆಗಿರುವುದಿಲ್ಲ, ಅದರ ಜೊತೆಗಾರ ಸತ್ತಿರುತ್ತಾನೆ.

ಆದ್ದರಿಂದ ವರ್ಮೂತ್ ಬಾಟಲಿ ತೆರೆದ ಕ್ಷಣದಿಂದ ಅದರ ಜಾಗ ಫ್ರಿಜ್. ಅಡ್ಡ ಮಲಗಿಸಬೇಡಿ, ನಿಲ್ಲಿಸಿಡಿ. ಮಲಗಿಸಿದರೆ ದ್ರವಕ್ಕೆ ಗಾಳಿ ತಾಗುವ ಮೈ ಹಿಗ್ಗುತ್ತದೆ. ಸಿಕ್ಕರೆ 375 ಮಿಲಿಯ ಚಿಕ್ಕ ಬಾಟಲಿಯನ್ನೇ ಕೊಳ್ಳಿ. ದೊಡ್ಡದು ಮಾತ್ರ ಸಿಕ್ಕಿದರೆ ತೆರೆದ ದಿನವೇ ಅರ್ಧವನ್ನು, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಚಿಕ್ಕ ಗಾಜಿನ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನ ಹಿಂಭಾಗದಲ್ಲಿಡಿ. ಗಾಳಿಗೆ ಜಾಗವಿಲ್ಲದ ಆ ಅರ್ಧ ಚೆನ್ನಾಗಿ ಉಳಿಯುತ್ತದೆ, ಬಳಸುತ್ತಿರುವ ಅರ್ಧ ಒಂದು ತಿಂಗಳಿನೊಳಗೆ ಮುಗಿಯಲಿ. ಬಾಟಲಿಯ ಮೇಲೆ ತೆರೆದ ತಾರೀಖು ಬರೆದಿಡುವುದು ಒಳ್ಳೆಯದು. ಯಾವಾಗ ತೆರೆದದ್ದು ಎಂಬುದು ಮರೆತುಹೋಗಿದ್ದರೆ ಒಂದು ಚಮಚ ವರ್ಮೂತನ್ನು ಹಾಗೇ ಬಾಯಿಗೆ ಹಾಕಿಕೊಂಡು ನೋಡಿ. ಸಿಹಿ, ಮಸಾಲೆ, ಕೊನೆಯಲ್ಲಿ ಹಿತವಾದ ಕಹಿ, ಮೂರೂ ಒಂದರ ಹಿಂದೆ ಒಂದು ಬರಬೇಕು. ಬರಿಯ ಸಿಹಿ ಮತ್ತು ಹುಳಿ ಬಂದರೆ ಅದನ್ನು ಅಡುಗೆಗೆ ಬಳಸಿ, ಲೋಟಕ್ಕೆ ಬೇಡ.

ಇನ್ನು ಡ್ರೈ ವರ್ಮೂತ್ ಪ್ರಶ್ನೆ. ಯುರೋಪಿನ ನಿಯಮದಂತೆ ಸ್ವೀಟ್ ಎಂದು ಕರೆಸಿಕೊಳ್ಳಬೇಕಾದರೆ ವರ್ಮೂತ್‌ನಲ್ಲಿ ಲೀಟರಿಗೆ ಕನಿಷ್ಠ 130 ಗ್ರಾಂ ಸಕ್ಕರೆ ಇರಬೇಕು. ಡ್ರೈ ವರ್ಮೂತ್‌ನಲ್ಲಿ ಅದು ತೀರಾ ಕಡಿಮೆ. ನೆಗ್ರೋನಿಯ ಸಮತೋಲ ನಿಂತಿರುವುದೇ ಈ ಸಿಹಿಯ ಮೇಲೆ. ಡ್ರೈ ಹಾಕಿದರೆ ಅದು ಕಾರ್ಡಿನಾಲೆ ಎಂಬ ಬೇರೆಯೇ ಪಾನೀಯ. ಅದು ಹೆಚ್ಚು ಒಣ, ಹೆಚ್ಚು ಕಹಿ, ಅದರ ಅಳತೆಯನ್ನೂ ಬೇರೆಯಾಗಿ ಹೊಂದಿಸಿಕೊಳ್ಳುತ್ತಾರೆ. ಪುರವಣಿಯ ಲೇಖನ ಡ್ರೈ ಹಾಕಿಸಿ, ಆಮೇಲೆ ಕಹಿ ತಾಳಲಾರದೆ ಸಕ್ಕರೆ ಪಾಕ ಸೇರಿಸಿದೆ. ಮೊದಲೇ ಸರಿಯಾದ ಬಾಟಲಿ ತೆಗೆದಿದ್ದರೆ ಪಾಕದ ಮಾತೇ ಬರುತ್ತಿರಲಿಲ್ಲ. ಲೇಬಲ್ ಮೇಲೆ ರೊಸ್ಸೊ ಎಂದೋ ಸ್ವೀಟ್ ಎಂದೋ ಇರುವ, ಕೆಂಗಂದು ಬಣ್ಣದ್ದನ್ನು ಕೊಳ್ಳಿ. ಹಗುರವಾದ ಮಾರ್ಟಿನಿ ರೊಸ್ಸೊ, ವೆನಿಲಾ ಘಮದ ದಟ್ಟ ಕಾರ್ಪಾನೊ ಆಂಟಿಕಾ ಫಾರ್ಮುಲಾ, ಇವೆರಡರ ನಡುವೆ ನಿಲ್ಲುವ ಕೋಕಿ, ಯಾವುದೂ ಆದೀತು. ಪುಂಟ್ ಎ ಮೆಸ್ ಸ್ವತಃ ಕಹಿ ಹೆಚ್ಚಿರುವ ವರ್ಮೂತ್, ಅದನ್ನು ಬಳಸುವಾಗ ಕಂಪಾರಿಯನ್ನು 25 ಮಿಲಿಗೆ ಇಳಿಸಿ.

ಈಗ ನೀರು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಐಸ್ ಪಾನೀಯವನ್ನು ತಂಪು ಮಾಡುವುದು ಮುಖ್ಯವಾಗಿ ತಾನು ಕರಗುವ ಮೂಲಕ. −18 ಡಿಗ್ರಿಯಲ್ಲಿದ್ದ ಐಸ್ ಸೊನ್ನೆ ಡಿಗ್ರಿಗೆ ಬರುವಾಗ ಒಂದು ಗ್ರಾಂಗೆ ಹೀರುವ ಶಾಖ ಸುಮಾರು 38 ಜೂಲ್. ಅದೇ ಗ್ರಾಂ ಸೊನ್ನೆಯಲ್ಲಿ ಕರಗುವಾಗ ಹೀರುವುದು 334 ಜೂಲ್. ಅಂದರೆ ತಂಪಿನ ಬಹುಪಾಲು ಕರಗುವುದರಿಂದ ಬರುತ್ತದೆ, ಕರಗಿದಷ್ಟೂ ಲೋಟಕ್ಕೆ ನೀರು ಸೇರುತ್ತದೆ. ತಂಪೂ ನೀರೂ ಜೋಡಿ, ಒಂದನ್ನು ಬಿಟ್ಟು ಇನ್ನೊಂದನ್ನು ಐಸ್‌ನಿಂದ ಪಡೆಯಲಾಗದು. ಕೋಣೆಯ 25 ಡಿಗ್ರಿಯಲ್ಲಿರುವ 90 ಮಿಲಿ ಮಿಶ್ರಣವನ್ನು ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಇಳಿಸಲು ಸುಮಾರು 25 ಗ್ರಾಂ ಐಸ್ ಕರಗಬೇಕು. ಮದ್ಯ ಮತ್ತು ಸಕ್ಕರೆ ಇರುವುದರಿಂದ ಮಿಶ್ರಣ ಸೊನ್ನೆಯಲ್ಲಿ ಹೆಪ್ಪುಗಟ್ಟದೆ ಅದಕ್ಕಿಂತ ಕೆಳಕ್ಕೂ ಇಳಿಯುತ್ತದೆ. ಹೀಗೆ 90 ಮಿಲಿ ಇದ್ದದ್ದು 115 ಮಿಲಿ ಆಗುತ್ತದೆ. ಆ 25 ಮಿಲಿ ನೀರು ಕಲಬೆರಕೆ ಅಲ್ಲ, ನಾಲ್ಕನೆಯ ಸಾಮಾನು. ಅದಿಲ್ಲದಿದ್ದರೆ ಕಂಪಾರಿ ಮತ್ತು ವರ್ಮೂತ್‌ಗಳ ಸಕ್ಕರೆ ನಾಲಿಗೆಗೆ ಅಂಟುತ್ತದೆ, ಜಿನ್ ಗಂಟಲಲ್ಲಿ ಉರಿಯುತ್ತದೆ, ಕಹಿ ಒಂದೇ ಕಡೆ ಗುಂಪುಗಟ್ಟಿ ನಿಲ್ಲುತ್ತದೆ.

ಈ ಲೆಕ್ಕದಿಂದ ಎರಡು ಸೂಕ್ಷ್ಮಗಳು ಹೊರಡುತ್ತವೆ. ಜಿನ್ ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು ಮಾಡಿದರೆ ಇನ್ನೂ ಚೆನ್ನ ಎಂಬ ನಂಬಿಕೆ ವ್ಯಾಪಕವಾಗಿದೆ. ಮೂರೂ ಬಾಟಲಿಗಳು ಫ್ರಿಜ್‌ನ 5 ಡಿಗ್ರಿಯಲ್ಲಿದ್ದರೆ ಅದೇ ತಂಪಿಗೆ ಕರಗುವ ಐಸ್ 6-7 ಗ್ರಾಂ ಅಷ್ಟೇ. ಲೋಟ ಕೈಗೆ ತಣ್ಣಗೆ ಹತ್ತುತ್ತದೆ, ಒಳಗಿನದು ಪಾಕದಂತೆ ದಪ್ಪ. ಹಾಗೆ ಮಾಡುವವರು 15 ಮಿಲಿ ತಣ್ಣೀರನ್ನು ಅಳೆದು ಸೇರಿಸಬೇಕು, ಸಂಕೋಚಪಡಬೇಕಿಲ್ಲ. ನಮ್ಮ ಸಲಹೆ: ಜಿನ್ ಮತ್ತು ಕಂಪಾರಿ ಕೋಣೆಯ ಬಿಸಿಯಲ್ಲೇ ಇರಲಿ, ವರ್ಮೂತ್ ಮಾತ್ರ ಫ್ರಿಜ್‌ನಿಂದ ಬರಲಿ. ವ್ಯತ್ಯಾಸ ಚಿಕ್ಕದು, ನಾಲ್ಕೈದು ಸೆಕೆಂಡು ಹೆಚ್ಚು ಕಲಕಿದರೆ ಸರಿಹೋಗುತ್ತದೆ.

ಎರಡನೆಯದು ಗಾಜು. 300 ಗ್ರಾಂ ತೂಕದ ದಪ್ಪ ಲೋಟವೊಂದು 25 ಡಿಗ್ರಿಯಿಂದ ಸೊನ್ನೆಗೆ ಇಳಿಯಬೇಕಾದರೆ ಅದೊಂದೇ 19 ಗ್ರಾಂನಷ್ಟು ಐಸ್ ಕರಗಿಸಬಲ್ಲದು, ಪಾನೀಯಕ್ಕೆ ಬೇಕಾದ ಒಟ್ಟು ನೀರಿಗೆ ಹತ್ತಿರ ಹತ್ತಿರ. ಪೂರ್ತಿ ಶಾಖ ಪಾನೀಯಕ್ಕೆ ಹೋಗದಿದ್ದರೂ ಹೊಡೆತ ದೊಡ್ಡದೇ. ಆದ್ದರಿಂದ ಕುಡಿಯುವ ಲೋಟವನ್ನು ಹತ್ತು ನಿಮಿಷ ಫ್ರೀಜರ್‌ನಲ್ಲಿಡಿ. ಕಲಕುವ ಪಾತ್ರೆಯನ್ನು ಐಸ್ ಮತ್ತು ಒಂದಿಷ್ಟು ತಣ್ಣೀರು ಹಾಕಿ ಅರ್ಧ ನಿಮಿಷ ತಿರುಗಿಸಿ, ನೀರನ್ನು ಪೂರ್ತಿ ಬಸಿದುಬಿಡಿ.

ಮಾಡುವ ಕ್ರಮ ಹೀಗೆ. ಬಸಿದ ಪಾತ್ರೆಯಲ್ಲಿ ಮುಕ್ಕಾಲು ಭಾಗ ಐಸ್ ಇರಲಿ. ಐಸ್ ಕಡಿಮೆ ಹಾಕಿದರೆ ನೀರು ಕಡಿಮೆಯಾದೀತು ಎಂಬ ಲೆಕ್ಕ ಉಲ್ಟಾ. ಕಡಿಮೆ ಐಸ್ ಬೇಗ ಕರಗಿ ಮುಗಿಯುತ್ತದೆ, ಪಾನೀಯ ಮಾತ್ರ ತಣ್ಣಗಾಗದೆ ಉಳಿಯುತ್ತದೆ. ಮೇಲಿಂದ 30 ಮಿಲಿ ವರ್ಮೂತ್, 30 ಮಿಲಿ ಕಂಪಾರಿ, 30 ಮಿಲಿ ಜಿನ್. ಜಿನ್ ಕೊನೆಗಿರಲಿ, ಅಳತೆಯಲ್ಲಿ ಎಡವಿದರೆ ಚೆಲ್ಲಬೇಕಾದದ್ದು ಕಡಿಮೆ. ಉದ್ದ ಚಮಚವನ್ನು ಪಾತ್ರೆಯ ಗೋಡೆಗೆ ಆನಿಸಿ, ಐಸ್ ಎಲ್ಲವೂ ಒಟ್ಟಿಗೆ ಸುತ್ತುವಂತೆ ಸದ್ದಿಲ್ಲದೆ ತಿರುಗಿಸಿ. ಐಸ್ ಖಣಖಣ ಎಂದರೆ ತುಂಡುಗಳು ಒಂದಕ್ಕೊಂದು ಬಡಿದು ಪುಡಿಯಾಗುತ್ತಿವೆ ಎಂದರ್ಥ. ಫ್ರೀಜರ್‌ನಿಂದ ನೇರ ಬಂದ, ಮೈ ಒಣಗಿರುವ ದೊಡ್ಡ ತುಂಡುಗಳಾದರೆ 30 ಸೆಕೆಂಡು, ಹೊರಗಿದ್ದು ಬೆವೆತ ಚಿಕ್ಕ ತುಂಡುಗಳಾದರೆ 15ರಿಂದ 20 ಸೆಕೆಂಡು. ನಡುವೆ ಚಮಚದ ತುದಿಯಿಂದ ರುಚಿ ನೋಡಿ. ಮೊದಲ ಹತ್ತು ಸೆಕೆಂಡಿನಲ್ಲಿ ಜಿನ್ ಚುಚ್ಚುತ್ತದೆ. ಆ ಚುಚ್ಚು ಹೋಗಿ, ಕಹಿ ನಾಲಿಗೆಯ ತುಂಬ ಹರಡಿಕೊಂಡಾಗ ನಿಲ್ಲಿಸಬೇಕು. ಫ್ರೀಜರ್‌ನಿಂದ ತೆಗೆದ ಲೋಟದಲ್ಲಿ ಒಂದೇ ದೊಡ್ಡ ಐಸ್ ತುಂಡಿಟ್ಟು ಅದರ ಮೇಲೆ ಸೋಸಿ.

ಮದ್ಯ ಅಳೆಯುವ ಜಿಗ್ಗರ್ ಇಲ್ಲದಿದ್ದರೆ ಚಿಂತೆ ಬೇಡ. 15 ಮಿಲಿಯ ಅಳತೆ ಚಮಚದಲ್ಲಿ ಎರಡೆರಡು ಸಲ ಹಾಕಿದರಾಯಿತು. ಮೂರೂ ಸಮಭಾಗವಾದ್ದರಿಂದ ಯಾವುದೇ ಚಿಕ್ಕ ಬಟ್ಟಲು ನಡೆಯುತ್ತದೆ, ಮೂರಕ್ಕೂ ಅದೇ ಬಟ್ಟಲು, ಅದೇ ಮಟ್ಟ ಇರಬೇಕು ಅಷ್ಟೇ. ಬಟ್ಟಲು ಅಗಲವಾಗಿರುವುದಕ್ಕಿಂತ ಎತ್ತರವಾಗಿರಲಿ. ಅಗಲ ಬಾಯಿಯಲ್ಲಿ ಮಟ್ಟ ಒಂದು ಮಿಲಿಮೀಟರ್ ತಪ್ಪಿದರೂ ಮೂರು ನಾಲ್ಕು ಮಿಲಿ ವ್ಯತ್ಯಾಸವಾಗುತ್ತದೆ, 30ರಲ್ಲಿ ಅದು ಹತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು. ಕಣ್ಣಂದಾಜಿನಲ್ಲಿ ಬಾಟಲಿಯಿಂದ ನೇರ ಸುರಿಯುವುದು ನೋಡಲು ಚೆಂದ. ಬಾರ್‌ನಲ್ಲಿ ದಿನವೂ ಸುರಿಯುವ ಕೈಗಳಲ್ಲೂ ಅನೇಕವು ನೆಗ್ರೋನಿಗೆ ಅಳೆದೇ ಹಾಕುತ್ತವೆ.

ಕಲಕುವ ಪಾತ್ರೆಯೇ ಬೇಡ, ಕುಡಿಯುವ ಲೋಟದಲ್ಲೇ ನೇರ ಮಾಡುತ್ತೇವೆ ಎನ್ನುವವರೂ ಇದ್ದಾರೆ. ಅದು ತಪ್ಪಲ್ಲ, ಅಧಿಕೃತ ವಿಧಾನವೇ ಅದು. ಆದರೆ ಸುರಿದು ಎರಡು ಸುತ್ತು ತಿರುಗಿಸಿ ಬಿಟ್ಟರೆ ಸಾಲದು. ಸಕ್ಕರೆ ತುಂಬಿದ ಕಂಪಾರಿ ತೂಕದ್ದು, ತಳಕ್ಕೆ ಹೋಗಿ ಕೂರುತ್ತದೆ. ಹಗುರ ಜಿನ್ ಮೇಲೆ ತೇಲುತ್ತದೆ. ಮೊದಲ ಗುಟುಕು ಬರೀ ಜಿನ್, ಕೊನೆಯದು ಬರೀ ಪಾಕ. ಲೋಟದಲ್ಲೇ ಮಾಡುವವರೂ 20 ಸೆಕೆಂಡು ತಳದಿಂದ ಕಲಕಲಿ.

ಶೇಕರ್ ಬೇಡ ಎನ್ನುವುದಕ್ಕೆ ಕಾರಣ ಶಿಷ್ಟಾಚಾರವಲ್ಲ. ಕುಲುಕಿದಾಗ ಗಾಳಿಯ ಸಣ್ಣ ಗುಳ್ಳೆಗಳು ಸೇರಿ ಪಾನೀಯ ಮಬ್ಬಾಗುತ್ತದೆ, ಮೇಲೆ ನೊರೆ ಕಟ್ಟುತ್ತದೆ, ಐಸ್ ಒಡೆದು ಚೂರುಗಳು ವೇಗವಾಗಿ ಕರಗುತ್ತವೆ. ಹಣ್ಣಿನ ರಸ, ಮೊಟ್ಟೆಯ ಬಿಳಿ, ಕ್ರೀಮ್ ಇರುವ ಪಾನೀಯಕ್ಕೆ ಆ ಗಾಳಿ ಬೇಕು. ನೆಗ್ರೋನಿಯಲ್ಲಿ ರಸವೇ ಇಲ್ಲ. ಅದರ ಸೊಗಸು ಇರುವುದು ನುಣುಪಾದ, ತುಸು ಭಾರವಾದ ಮೈಯಲ್ಲಿ ಮತ್ತು ಬೆಳಕು ಆಚೆ ಹಾಯುವ ಕೆಂಪಿನಲ್ಲಿ.

ಐಸ್ ಬಗ್ಗೆ ಇನ್ನೊಂದು ಮಾತು. ಮುಚ್ಚದ ಟ್ರೇಯಲ್ಲಿ ವಾರಗಟ್ಟಲೆ ಕೂತ ಐಸ್ ಫ್ರೀಜರ್‌ನ ಎಲ್ಲ ವಾಸನೆಗಳನ್ನೂ ಹೀರಿಕೊಂಡಿರುತ್ತದೆ. ಲೋಟದ ಐದನೆಯ ಒಂದು ಭಾಗ ಈ ಐಸ್ ಕರಗಿದ ನೀರೇ ಆಗಿರುವುದರಿಂದ ಆ ವಾಸನೆಯೂ ಕುಡಿಯುವವರ ಪಾಲಾಗುತ್ತದೆ. ಕುಡಿಯಲು ರುಚಿಯಾದ ನೀರನ್ನೇ ಹೆಪ್ಪುಗಟ್ಟಿಸಿ, ಗಟ್ಟಿಯಾದ ಕೂಡಲೇ ಮುಚ್ಚಳವಿರುವ ಡಬ್ಬಿಗೆ ವರ್ಗಾಯಿಸಿ. ದೊಡ್ಡ ತುಂಡಿಗೆ 5 ಸೆಂಟಿಮೀಟರ್ ಚೌಕದ ಸಿಲಿಕೋನ್ ಅಚ್ಚು ಸಾಕು. ಗಾಜಿನಂತೆ ತಿಳಿಯಾದ ಐಸ್ ಬೇಕೆಂದು ನೀರನ್ನು ಕುದಿಸುವವರಿದ್ದಾರೆ, ಅದರಿಂದ ಹೆಚ್ಚು ಲಾಭವಿಲ್ಲ. ಮುಚ್ಚಳ ತೆಗೆದ, ಗೋಡೆಗೆ ಶಾಖನಿರೋಧಕವಿರುವ ಚಿಕ್ಕ ಡಬ್ಬಿಯಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿಟ್ಟರೆ ಹೆಪ್ಪು ಮೇಲಿನಿಂದ ಮಾತ್ರ ಕೆಳಕ್ಕಿಳಿಯುತ್ತದೆ, ಗಾಳಿ ಮತ್ತು ಲವಣಗಳು ತಳಕ್ಕೆ ತಳ್ಳಲ್ಪಡುತ್ತವೆ. ತಳ ಹೆಪ್ಪುಗಟ್ಟುವ ಮೊದಲೇ ಹೊರತೆಗೆದು ಮೇಲಿನ ತಿಳಿಭಾಗವನ್ನು ಕತ್ತರಿಸಿಕೊಳ್ಳಬಹುದು. ಫ್ರೀಜರ್‌ನಿಂದ ತೆಗೆದ, ಕುಡಿಯುವ ಲೋಟಕ್ಕೆ ಹಾಕುವ ದೊಡ್ಡ ತುಂಡನ್ನು ಮೈ ಮಂಜು ಹೋಗಿ ಹೊಳೆಯುವವರೆಗೆ ಒಂದೆರಡು ನಿಮಿಷ ಹೊರಗಿಡಿ. ತಕ್ಷಣ ಪಾನೀಯ ಸುರಿದರೆ ಚಟ್ಟೆಂದು ಬಿರುಕು ಬಿಡುತ್ತದೆ, ಬಿರುಕಿನಲ್ಲೆಲ್ಲ ಕರಗತೊಡಗುತ್ತದೆ.

ಜಿನ್ ಆರಿಸುವಾಗ ಜುನಿಪರ್ ಕಾಯಿಯ ಘಮ ಗಟ್ಟಿಯಾಗಿರುವ, ಶೇ 40ಕ್ಕಿಂತ ಕಡಿಮೆಯಿಲ್ಲದ ಲಂಡನ್ ಡ್ರೈ ತೆಗೆದುಕೊಳ್ಳಿ. ಶೇ 43ರಿಂದ 47ರದ್ದು ಇನ್ನೂ ಒಳ್ಳೆಯದು. ಲಂಡನ್ ಡ್ರೈ ಎಂಬುದು ಊರಿನ ಗುರುತಲ್ಲ, ತಯಾರಿಕೆಯ ನಿಯಮ. ಪರಿಮಳವೆಲ್ಲ ಬಟ್ಟಿ ಇಳಿಸುವಾಗಲೇ ಬರಬೇಕು, ಆಮೇಲೆ ಸಿಹಿ ಸೇರಿಸುವಂತಿಲ್ಲ. ಸೌತೆಕಾಯಿ, ಗುಲಾಬಿ, ನವಿರು ಹೂಗಳ ಘಮದ ಜಿನ್‌ಗಳನ್ನು ಟಾನಿಕ್‌ಗೆ ಇಟ್ಟುಕೊಳ್ಳಿ, ಕಂಪಾರಿಯ ಎದುರು ಅವುಗಳ ದನಿ ಕೇಳಿಸುವುದೇ ಇಲ್ಲ. ಬಣ್ಣದ, ಸಿಹಿ ಜಿನ್‌ಗಳು ಖಂಡಿತ ಬೇಡ.

ಕಂಪಾರಿ 1860ರಲ್ಲಿ ಇಟಲಿಯ ನೊವಾರಾದಲ್ಲಿ ಗಸ್ಪಾರೆ ಕಂಪಾರಿ ರೂಪಿಸಿದ್ದು. ಸಕ್ಕರೆಯೂ ಮದ್ಯಾಂಶವೂ ಸಾಕಷ್ಟಿರುವುದರಿಂದ ಕಪಾಟಿನಲ್ಲೇ ಇಡಬಹುದು. ದೇಶದಿಂದ ದೇಶಕ್ಕೆ ಅದರ ಮದ್ಯಾಂಶ ಬೇರೆ, ಶೇ 25ರ ಆಸುಪಾಸು ಹೆಚ್ಚು ಬಳಕೆಯಲ್ಲಿದೆ. ಸಸ್ಯಾಹಾರಿ ಓದುಗರಿಗೊಂದು ಮಾಹಿತಿ: ಅದರ ಕೆಂಪು ಬಣ್ಣ ಬಹಳ ಕಾಲ ಕೊಚಿನೀಲ್ ಎಂಬ ಕೀಟದಿಂದ ಬರುತ್ತಿತ್ತು. 2006ರ ಸುಮಾರಿಗೆ ಹಲವು ದೇಶಗಳ ಬಾಟಲಿಗಳಲ್ಲಿ ಅದನ್ನು ಕೈಬಿಟ್ಟರು. ಲೇಬಲ್ ಮೇಲೆ ಕಾರ್ಮೈನ್ ಅಥವಾ ಇ120 ಎಂದಿದ್ದರೆ ಕೀಟದ ಬಣ್ಣವೇ. ಕಂಪಾರಿಯ ಬದಲು ಅಪೆರೋಲ್ ಎಂಬ ಅದೇ ಬಗೆಯ ಮದ್ಯ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅಪೆರೋಲ್ ಶೇ 11ರದ್ದು, ಸಿಹಿ ಮುಂದು, ಕಹಿ ಹಿಂದು. ಪಾನೀಯ ಮೃದುವಾಗುತ್ತದೆ. ಕಹಿಗೆ ಹೊಸಬರಾದವರು ಅಲ್ಲಿಂದ ಆರಂಭಿಸಲು ಅಡ್ಡಿಯಿಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿಯೂ ಕಹಿ ಹೆಚ್ಚೆನಿಸಿದರೆ ಏನು ಮಾಡಬೇಕು? ಸಕ್ಕರೆ ಬೇಡ. ಮೂರರಲ್ಲಿ ಎರಡು ಸಾಮಾನು ಈಗಾಗಲೇ ಸಿಹಿಯವು. ಇನ್ನಷ್ಟು ಸಿಹಿ ಬೆರೆತರೆ ಕಹಿ ಹೋಗುವುದಿಲ್ಲ, ಕೆಮ್ಮಿನ ಔಷಧದ ರುಚಿ ಬರುತ್ತದೆ. ಮೊದಲು ಇನ್ನೊಂದು ಹತ್ತು ಸೆಕೆಂಡು ಕಲಕಿ ನೋಡಿ. ಆಮೇಲೆ ಉಪ್ಪು. 20 ಗ್ರಾಂ ಉಪ್ಪನ್ನು 80 ಗ್ರಾಂ ನೀರಿನಲ್ಲಿ ಕರಗಿಸಿ ಡ್ರಾಪರ್ ಬಾಟಲಿಯಲ್ಲಿಟ್ಟುಕೊಂಡು, ಒಂದು ಲೋಟಕ್ಕೆ ಎರಡು ಅಥವಾ ಮೂರು ಹನಿ. ಉಪ್ಪಿನ ರುಚಿ ತಿಳಿಯಬಾರದು. ನಾಲಿಗೆಯ ಮೇಲೆ ಕಹಿಯನ್ನು ತಗ್ಗಿಸುವ ಗುಣ ಸೋಡಿಯಂಗಿದೆ, ಕಹಿ ಇಳಿದಾಗ ಅದರ ಹಿಂದಿದ್ದ ಸಿಹಿ ಮತ್ತು ಕಿತ್ತಳೆ ಮುಂದೆ ಬರುತ್ತವೆ. ಅದೂ ಸಾಲದಿದ್ದರೆ ಅಳತೆಯನ್ನೇ ಬದಲಿಸಿ: ಜಿನ್ 40, ವರ್ಮೂತ್ 30, ಕಂಪಾರಿ 20. ಸಮಭಾಗವೇ ಪವಿತ್ರ ಎಂದು ಪಟ್ಟು ಹಿಡಿಯಬೇಕಿಲ್ಲ. ಆದರೆ ಮೊದಲ ಸಲ ಸಮಭಾಗದಲ್ಲೇ ಮಾಡಿ ಕುಡಿದು ನೋಡಿದ ಮೇಲೆ ಬದಲಿಸಿದರೆ ಯಾವ ಕಡೆಗೆ ಸರಿಯಬೇಕು ಎಂಬುದು ತಿಳಿಯುತ್ತದೆ.

ಕಿತ್ತಳೆಯನ್ನು ಅಲಂಕಾರ ಎಂದು ಬಿಟ್ಟುಬಿಡಬೇಡಿ. ಅರ್ಧ ಹೋಳು ಹಾಕುವುದು ರೂಢಿ, ಅದು ನಿಧಾನವಾಗಿ ರಸ ಬಿಟ್ಟು ಪಾನೀಯವನ್ನು ಮೆದುವಾಗಿಸುತ್ತದೆ. ನಾವು ಸಿಪ್ಪೆಯ ಪಕ್ಷ. ಹಣ್ಣಿನ ಮೇಲಿನ ಮೇಣವನ್ನು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು, ತರಕಾರಿ ಸಿಪ್ಪೆ ಹೆರೆಯುವ ಕತ್ತಿಯಿಂದ 5 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಪಟ್ಟಿ ತೆಗೆಯಿರಿ. ಒಳಗಿನ ಬಿಳಿ ಆದಷ್ಟೂ ಕಡಿಮೆ ಬರಲಿ, ಅದರ ಕಹಿ ಬೇರೆ ಜಾತಿಯದು, ಒಗರು. ಬಣ್ಣದ ಮೈ ಪಾನೀಯದ ಕಡೆ ಇರುವಂತೆ ಲೋಟದಿಂದ ನಾಲ್ಕು ಬೆರಳು ಮೇಲೆ ಹಿಡಿದು ಉದ್ದಕ್ಕೆ ಮಡಚಿ ಹಿಂಡಿ. ಬೆಳಕಿಗೆ ಹಿಡಿದರೆ ಎಣ್ಣೆಯ ತುಂತುರು ಕಣ್ಣಿಗೇ ಕಾಣುತ್ತದೆ, ಪಾನೀಯದ ಮೈಮೇಲೆ ಸಣ್ಣ ಸಣ್ಣ ವೃತ್ತಗಳಾಗಿ ಹರಡುತ್ತದೆ. ಅದೇ ಸಿಪ್ಪೆಯನ್ನು ಲೋಟದ ಅಂಚಿಗೆ ಒಮ್ಮೆ ಸವರಿ ಒಳಗೆ ಬಿಡಿ. ಒಣಗಿ ಸುಕ್ಕಾದ ಹಣ್ಣಿನಲ್ಲಿ ಈ ಎಣ್ಣೆ ಇರುವುದಿಲ್ಲ. ನಿಂಬೆ ಬೇಡ, ಅದರ ಚುರುಕು ವರ್ಮೂತ್‌ನ ಮಸಾಲೆಯನ್ನು ಮುಚ್ಚಿಬಿಡುತ್ತದೆ.

ಹತ್ತಾರು ಜನ ಸೇರುವ ದಿನ ಒಂದೊಂದೇ ಲೋಟ ಕಲಕುತ್ತ ನಿಲ್ಲುವ ಬದಲು ಮೊದಲೇ ಬಾಟಲಿ ತುಂಬಿಡಬಹುದು. ಈ ಪಾನೀಯ ಅದಕ್ಕೆ ಹೇಳಿ ಮಾಡಿಸಿದ್ದು, ರಸ ಇಲ್ಲದ್ದರಿಂದ ಬೇಗ ಕೆಡುವುದಿಲ್ಲ. ಒಂದು ಲೀಟರ್ ಬಾಟಲಿಗೆ ಮೂರೂ ತಲಾ 250 ಮಿಲಿ, ಜೊತೆಗೆ ಅಳೆದ ನೀರು. ಐಸ್ ಇಲ್ಲದ ಕಾಂಡದ ಲೋಟದಲ್ಲಿ ಕೊಡುವುದಾದರೆ 190 ಮಿಲಿ ನೀರು, ದೊಡ್ಡ ಐಸ್ ಮೇಲೆ ಸುರಿದು ಕೊಡುವುದಾದರೆ 130 ಮಿಲಿ, ಉಳಿದ ನೀರನ್ನು ಆ ಐಸ್ ಕೊಡುತ್ತದೆ. ಎಂಟು ಲೋಟ ಬರುತ್ತದೆ. ನೀರು ಸೇರಿಸಿದ ಬಾಟಲಿಯನ್ನು ಫ್ರೀಜರ್‌ನಲ್ಲಿ ಮರೆತುಬಿಡಬೇಡಿ. ಶೇ 21-23ರ ಮಿಶ್ರಣ −18 ಡಿಗ್ರಿಯಲ್ಲಿ ಮಂಜಾಗಿ ಗಟ್ಟಿಕಟ್ಟುತ್ತದೆ, ಬಾಟಲಿ ಕಂಠಪೂರ್ತಿ ತುಂಬಿದ್ದರೆ ಗಾಜು ಒಡೆಯಬಹುದು. ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟು, ಕೊಡುವ ಅರ್ಧ ಗಂಟೆ ಮೊದಲು ಮಾತ್ರ ಫ್ರೀಜರ್‌ಗೆ ಸರಿಸಿ. ಫ್ರಿಜ್‌ನಲ್ಲೇ ಆದರೆ ಎರಡು ಮೂರು ವಾರ ಚೆನ್ನಾಗಿರುತ್ತದೆ. ಕಿತ್ತಳೆ ಸಿಪ್ಪೆಯನ್ನು ಬಾಟಲಿಗೆ ಹಾಕಿಡಬೇಡಿ, ಲೋಟಕ್ಕೊಂದರಂತೆ ಆಗಲೇ ಹಿಂಡಿ.

ಕೊನೆಯದಾಗಿ, ಲೇಖನದಲ್ಲಿ ಇದನ್ನು 'ಊಟಕ್ಕೆ ಮುಂಚಿನ ಹಗುರ ಪಾನೀಯ' ಎಂದಿದ್ದೀರಿ. ಊಟಕ್ಕೆ ಮುಂಚಿನದು ಹೌದು, ಹಗುರ ಅಲ್ಲ. ಶೇ 40ರ ಜಿನ್‌ನಿಂದ 12 ಮಿಲಿ, ಶೇ 25ರ ಕಂಪಾರಿಯಿಂದ 7.5 ಮಿಲಿ, ಶೇ 16ರ ವರ್ಮೂತ್‌ನಿಂದ 4.8 ಮಿಲಿ, ಒಟ್ಟು 24 ಮಿಲಿಗೂ ಮಿಗಿಲು ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 19 ಗ್ರಾಂ. ಅನೇಕ ದೇಶಗಳು ಒಂದು ಡ್ರಿಂಕ್ ಎಂದು ಎಣಿಸುವ 10 ಗ್ರಾಂಗೆ ಹೋಲಿಸಿದರೆ ಒಂದು ಲೋಟ ನೆಗ್ರೋನಿ ಹೆಚ್ಚುಕಡಿಮೆ ಎರಡು ಡ್ರಿಂಕ್. ಕಹಿ ಮತ್ತು ಸಿಹಿ ಸೇರಿ ಈ ಬಲವನ್ನು ನಾಲಿಗೆಗೆ ತಿಳಿಯದಂತೆ ಮುಚ್ಚಿಡುತ್ತವೆ. ಅತಿಥಿಗಳಿಗೆ ಕೊಡುವವರು ಇದನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಜೊತೆಗೆ ಉಪ್ಪುಪ್ಪಾಗಿ ತಿನ್ನಲು ಏನಾದರೂ, ಪಕ್ಕದಲ್ಲಿ ಒಂದು ಲೋಟ ನೀರು ಇರಲಿ. ವಾಹನ ಓಡಿಸಬೇಕಾದವರಿಗೆ ಅರ್ಧ ಲೋಟವೂ ಬೇಡ.

ಇಂತಿ,
ಬಾರ್ ಕೆಲಸ ಬಲ್ಲ ಇಬ್ಬರು ಓದುಗರು